ಮಕ್ಕಳನ್ನು ಆಟಕ್ಕೆ ಇಳಿಸುವುದು ಹೇಗೆ? ಹಾಸನದ ಅಪ್ಪ ಅಮ್ಮಂದಿರಿಗೆ

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂತೆ ಓಡಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲ ಆಗಬೇಕೆಂದಿಲ್ಲ. ಬೆಳಿಗ್ಗೆ ಶಾಲೆಗೆ ನಡೆದು ಹೋಗುವುದು, ಸಂಜೆ ಬೀದಿಯಲ್ಲಿ ಆಡುವುದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಮೊದಲೇ ಕೋಚಿಂಗ್‌ಗೆ ದುಡ್ಡು ಕಟ್ಟಬೇಡಿ. ಹತ್ತು ವರ್ಷದೊಳಗಿನ ಮಗುವಿಗೆ ಒಂದೇ ಆಟ ಅಂಟಿಸುವುದಕ್ಕಿಂತ ಓಡುವುದು, ಹಾರುವುದು, ಎಸೆಯುವುದು, ಹಿಡಿಯುವುದು ಎಲ್ಲವೂ ಬರಲಿ. ಇದಕ್ಕೆ ಖೋ ಖೋ ತುಂಬಾ ಒಳ್ಳೆಯದು. ಸಾಮಾನು ಏನೂ ಬೇಡ, ಕೂತಿರುವಾಗಲೂ ಯಾವಾಗ 'ಖೋ' ಬೀಳುತ್ತದೋ ಎಂದು ಕಿವಿಗೊಟ್ಟು ಕಾಯಬೇಕು, ಬಿದ್ದ ಕೂಡಲೇ ಯಾವ ಕಡೆ ಓಡುವುದೆಂದು ತಾನೇ ನಿರ್ಧರಿಸಬೇಕು, ಜೊತೆಯವರನ್ನು ನಂಬಬೇಕು. ಇಷ್ಟನ್ನೂ ಒಂದೇ ಆಟ ಕಲಿಸುತ್ತದೆ ಅಂದರೆ ಸಣ್ಣ ಮಾತಲ್ಲ ಅಲ್ವಾ? ಕುಂಟೆಬಿಲ್ಲೆ, ಸ್ಕಿಪ್ಪಿಂಗ್‌ನಲ್ಲಿ ನೆಗೆಯುವುದರಿಂದ ಮೂಳೆ ಗಟ್ಟಿಯಾಗುತ್ತದೆ. ಇಂಥ ಆಟ ವಾರಕ್ಕೆ ಮೂರು ದಿನವಾದರೂ ಇರಲಿ.

ಸಕಲೇಶಪುರದ ಕಡೆಯವರಿಗೆ ಜೂನ್ ಬಂದರೆ ಮಳೆಯದೇ ಚಿಂತೆ. ಆಗ ಜಗುಲಿಯಲ್ಲೋ ಹಜಾರದಲ್ಲೋ ಸ್ಕಿಪ್ಪಿಂಗ್, ಸೂರ್ಯ ನಮಸ್ಕಾರ ಮಾಡಿಸಿ. ಅರಸೀಕೆರೆ ಕಡೆ ಬೇಸಿಗೆಯಲ್ಲಿ ನಡುಮಧ್ಯಾಹ್ನದ ಬಿಸಿಲಿಗೆ ಬಿಡಬೇಡಿ, ನೀರಿನ ಬಾಟಲಿ ಕೊಟ್ಟು ಕಳಿಸಿ.

ಸೋತು ಬಂದ ಮಗುವಿಗೆ ಸುಮ್ನೆ ಬುದ್ಧಿ ಹೇಳಬೇಡಿ. ಅಳುವಷ್ಟು ಅಳಲಿ. ಆಮೇಲೆ ಎಷ್ಟು ಪಾಯಿಂಟ್ ಬಂತು ಅನ್ನುವುದಕ್ಕಿಂತ ಯಾರ ಜೊತೆ ಆಡಿದೆ, ಯಾವುದು ಖುಷಿ ಕೊಟ್ಟಿತು ಎಂದು ಕೇಳಿ. ಪರೀಕ್ಷೆ ಹತ್ತಿರ ಬಂತೆಂದು ಆಟ ನಿಲ್ಲಿಸುವುದೂ ತಪ್ಪು. ಆಡಿ ದಣಿದ ಮಗುವಿಗೆ ರಾತ್ರಿ ಒಳ್ಳೆ ನಿದ್ದೆ ಬರುತ್ತದೆ, ಮರುದಿನ ಪಾಠದ ಕಡೆ ಗಮನವೂ ಇರುತ್ತದೆ. ಮಂಡಿಯೋ ಹಿಮ್ಮಡಿಯೋ ನೋವು ದಿನಗಟ್ಟಲೆ ಉಳಿದರೆ ಮಾತ್ರ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.