ವಾಟ್ಸನ್‌ನ ನಾಯಿಮರಿ ಎಲ್ಲಿ ಹೋಯಿತು? ಇಷ್ಟದ ಪಾತ್ರದ ಮೇಲೆ ಥಿಯರಿ ಕಟ್ಟುವುದು, ಕಾಲೆಳೆಯುವುದು ಹೇಗೆ

ಷರ್ಲಾಕ್ ಹೋಮ್ಸ್ ಮತ್ತು ಡಾಕ್ಟರ್ ವಾಟ್ಸನ್ ಮೊದಲ ಸಲ ಭೇಟಿಯಾದಾಗ ಇಬ್ಬರೂ ತಮ್ಮ ತಮ್ಮ ಕೆಟ್ಟ ಗುಣಗಳನ್ನು ಹೇಳಿಕೊಳ್ಳುತ್ತಾರೆ. ಒಂದೇ ಮನೆಯಲ್ಲಿ ಇರಬೇಕಾದವರು, ಆಮೇಲೆ ಜಗಳ ಬೇಡ ಅಂತ. ಹೋಮ್ಸ್ ತನ್ನದನ್ನು ಹೇಳುತ್ತಾನೆ: ಘಾಟು ತಂಬಾಕು, ಕೆಮಿಕಲ್ ಪ್ರಯೋಗ, ದಿನಗಟ್ಟಲೆ ಬಾಯಿ ಬಿಡದೆ ಕೂರುವುದು. ವಾಟ್ಸನ್ ತನ್ನ ಸರದಿಯಲ್ಲಿ ಮೊದಲು ಹೇಳುವುದೇ ತಾನೊಂದು ಬುಲ್‌ಡಾಗ್ ಮರಿ ಸಾಕಿದ್ದೇನೆ ಎಂದು. ಅಷ್ಟೇ. ಒಟ್ಟು 4 ಕಾದಂಬರಿ, 56 ಕತೆ. ಆ ಮರಿ ಮತ್ತೆ ಎಲ್ಲೂ ಕಾಣಿಸುವುದಿಲ್ಲ.

ನಾನೂ ನನ್ನ ತಂಗಿಯೂ ಈ ಮರಿಯನ್ನು ಹುಡುಕುತ್ತಾ ಹನ್ನೆರಡು ವರ್ಷ ಆಯಿತು. ಇಷ್ಟದ ಪಾತ್ರದ ಬಗ್ಗೆ ಥಿಯರಿ ಕಟ್ಟುವುದನ್ನು ನಾನು ಕಲಿತದ್ದು ಈ ಹುಡುಕಾಟದಲ್ಲೇ. ಆದ್ದರಿಂದ ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಮೊದಲು ಕತೆಯಲ್ಲಿ ಒಂದು ಸಂದು ಹುಡುಕಿ. ಬರೆದವರು ಹೇಳಿ ಮರೆತ ಮಾತು, ಎರಡು ಕಡೆ ಎರಡು ಥರ ಬಂದ ವಿವರ, ಯಾರೂ ಕೇಳದ ಪ್ರಶ್ನೆ. ಹೋಮ್ಸ್ ಕತೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ಇಂಥ ಸಂದುಗಳನ್ನು ಧಾರಾಳವಾಗಿ ಬಿಟ್ಟಿದ್ದಾರೆ. 1887ರ ಮೊದಲ ಕಾದಂಬರಿಯಲ್ಲಿ ವಾಟ್ಸನ್‌ಗೆ ಯುದ್ಧದಲ್ಲಿ ಗುಂಡು ತಗುಲಿದ್ದು ಭುಜಕ್ಕೆ. 1890ರ ಎರಡನೆಯದರಲ್ಲಿ ಅದೇ ಗಾಯ ಕಾಲಿಗೆ ಇಳಿದಿರುತ್ತದೆ! ಅವನ ಹೆಸರು ಜಾನ್ ಎಚ್. ವಾಟ್ಸನ್, ಆದರೆ 1891ರ ಒಂದು ಕತೆಯಲ್ಲಿ ಹೆಂಡತಿಯೇ ಅವನನ್ನು ಜೇಮ್ಸ್ ಎಂದು ಕರೆಯುತ್ತಾಳೆ. ಲೇಖಕರು ತಪ್ಪಿದರು ಎಂದು ಸುಮ್ನೆ ದಾಟಿ ಹೋಗಬಹುದು. ಪತ್ತೇದಾರಿ ಕಾದಂಬರಿಗಾರ್ತಿ ಡೊರೊಥಿ ಎಲ್. ಸೇಯರ್ಸ್ ಹಾಗೆ ದಾಟಲಿಲ್ಲ. ಆ 'ಎಚ್' ಎಂದರೆ ಹೇಮಿಷ್ ಇರಬೇಕು, ಸ್ಕಾಟ್ಲೆಂಡಿನಲ್ಲಿ ಜೇಮ್ಸ್‌ಗೆ ಅದೇ ಹೆಸರು, ಹೆಂಡತಿ ಪ್ರೀತಿಯಿಂದ ಹಾಗೆ ಕರೆದಿದ್ದಾಳೆ ಎಂದರು. ಒಂದು ಕೈತಪ್ಪು ಗಂಡ ಹೆಂಡಿರ ನಡುವಿನ ಮುದ್ದಿನ ಹೆಸರಾಯಿತು. ಇದಕ್ಕಿಂತ ಚೆಂದದ ಥಿಯರಿ ನಾನು ಓದಿಲ್ಲ.

ಸಂದು ಸಿಕ್ಕ ಮೇಲೆ ನೆನಪನ್ನು ನಂಬಬೇಡಿ. ಪುಸ್ತಕ ತೆಗೆದು ಆ ಸಾಲನ್ನು ಕೈಯಾರೆ ಬರೆದುಕೊಳ್ಳಿ. ನಮ್ಮ ತಲೆಯಲ್ಲಿರುವ ಪಾತ್ರದ ಅರ್ಧ ಭಾಗ ಸಿನಿಮಾದಿಂದ, ಚಿತ್ರಗಳಿಂದ, ಬೇರೆಯವರ ಮೀಮ್‌ಗಳಿಂದ ಬಂದಿರುತ್ತದೆ. 'ಎಲಿಮೆಂಟರಿ, ಮೈ ಡಿಯರ್ ವಾಟ್ಸನ್' ಎಂಬ ಡೈಲಾಗ್ ಎಲ್ಲರಿಗೂ ಗೊತ್ತು. ಕಾದಂಬರಿ, ಕತೆ ಸೇರಿ ಆ 60ರಲ್ಲಿ ಒಂದರಲ್ಲೂ ಹೋಮ್ಸ್ ಅದನ್ನು ಹಾಗೆ ಹೇಳಿಲ್ಲ. ಮೂಲದಲ್ಲಿ ಇರುವುದನ್ನು ಅಭಿಮಾನಿಗಳು ಕ್ಯಾನನ್ ಎನ್ನುತ್ತಾರೆ, ಎಲ್ಲರೂ ಸೇರಿ ನಂಬಿಕೊಂಡದ್ದನ್ನು ಫ್ಯಾನನ್ ಎನ್ನುತ್ತಾರೆ, ನಿಮ್ಮೊಬ್ಬರದ್ದು ಹೆಡ್‌ಕ್ಯಾನನ್. ಮೂರನ್ನೂ ಬೇರೆ ಬೇರೆ ಇಟ್ಟುಕೊಳ್ಳಿ.

ಈಗ ಮರಿಯ ವಿಷಯ. ಅದು ನಾಯಿಯೇ ಅಲ್ಲ, ತನ್ನ ಮುಂಗೋಪವನ್ನೇ ವಾಟ್ಸನ್ ಹಾಗೆ ಕರೆದದ್ದು ಎನ್ನುವ ಅಭಿಮಾನಿಗಳಿದ್ದಾರೆ. ಅದೊಂದು ಸಣ್ಣ ಬಂದೂಕು ಎನ್ನುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ, ನನಗೆ ನಾಯಿಯೇ ಬೇಕಿತ್ತು. ಹುಡುಕುವಾಗ 1893ರ ಒಂದು ಕತೆಯಲ್ಲಿ ಈ ವಿವರ ಸಿಕ್ಕಿತು: ಕಾಲೇಜಿನಲ್ಲಿದ್ದಾಗ ಹೋಮ್ಸ್‌ಗೆ ಒಂದು ಬುಲ್ ಟೆರಿಯರ್ ಪಾದದ ಗಂಟಿಗೆ ಕಚ್ಚಿ, ಹತ್ತು ದಿನ ಹಾಸಿಗೆ ಹಿಡಿಸಿತ್ತು. ನನ್ನ ಥಿಯರಿ ಸಿದ್ಧವಾಯಿತು. ಹೋಮ್ಸ್‌ಗೆ ಅಂಥ ನಾಯಿ ಕಂಡರೆ ಭಯ. ಹೇಳಿಕೊಳ್ಳಲು ಅಭಿಮಾನ ಅಡ್ಡ ಬಂತು. ವಾಟ್ಸನ್ ಅದನ್ನು ಅರಿತು ಮರಿಯನ್ನು ಬೇರೆ ಯಾರಿಗೋ ಕೊಟ್ಟುಬಿಟ್ಟ.

ರಾತ್ರಿ ಹನ್ನೊಂದಕ್ಕೆ ತಂಗಿಗೆ ಫೋನ್ ಮಾಡಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅಕ್ಕಾ, ಟೋಬಿಯನ್ನು ಮರೆತುಬಿಟ್ಯಾ?" ಎಂದಳು.

ಟೋಬಿ ಎರಡನೆಯ ಕಾದಂಬರಿಯ ಬೆರಕೆ ನಾಯಿ. ಲಂಡನ್ನಿನ ಇಡೀ ಪತ್ತೇದಾರಿ ಪಡೆಗಿಂತ ಟೋಬಿ ಒಬ್ಬನ ಸಹಾಯವೇ ಮೇಲು ಎಂದು ಹೋಮ್ಸ್ ಅಲ್ಲಿ ಹೇಳುತ್ತಾನೆ. ಇನ್ನೂ ಒಂದಿದೆ: ಕಚ್ಚಿದ ಆ ನಾಯಿಯ ಯಜಮಾನ ನೋಡಲು ಬಂದು ಬಂದು, ಕಾಲೇಜಿನಲ್ಲಿ ಹೋಮ್ಸ್‌ಗಿದ್ದ ಒಬ್ಬನೇ ಗೆಳೆಯನಾದ. ಅಂದರೆ ನಾಯಿ ಕಚ್ಚಿದ್ದರಿಂದ ಅವನಿಗೆ ಒಳ್ಳೆಯದೇ ಆಯಿತು. ಭಯ ಎಲ್ಲಿಂದ ಬರಬೇಕು?

ಇಲ್ಲಿಂದಲೇ ಕಲಿತದ್ದು: ಥಿಯರಿ ಹೊಳೆದ ಕೂಡಲೇ ಅದನ್ನು ಬೀಳಿಸುವ ಸಾಲನ್ನು ನೀವೇ ಹುಡುಕಿ. ಬಿದ್ದರೆ ಹಿಡಿದುಕೊಂಡು ಕೂರಬೇಡಿ, ಅದೇ ಪುಟಗಳಿಗೆ ಮರಳಿ. ನಾನು ಮೊದಲ ಕಾದಂಬರಿಯನ್ನು ಮತ್ತೆ ಓದಿದೆ. ಅಲ್ಲಿ ಬಾಡಿಗೆ ಮನೆಯ ಒಡತಿಗೆ ಸೇರಿದ ಒಂದು ಟೆರಿಯರ್ ಇದೆ. ಬಹಳ ದಿನದಿಂದ ಕಾಯಿಲೆ ಬಿದ್ದ ನಾಯಿ. ಐದಾರು ಸಲ ಓದಿದ್ದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ವಾಟ್ಸನ್ ಡಾಕ್ಟರ್ ಅಲ್ವಾ? ಕಾಯಿಲೆಯ ನಾಯಿ ಇರುವ ಮನೆಗೆ ಎಳೆ ಮರಿಯನ್ನು ಅವನು ತರುತ್ತಾನೆಯೇ? ಪರಿಚಯದವರ ಮನೆಯಲ್ಲಿ ಬಿಟ್ಟು ಬಂದಿರುತ್ತಾನೆ. ಈ ಥಿಯರಿ ಯಾವ ಸಾಲನ್ನೂ ಮುರಿಯುವುದಿಲ್ಲ, ವಾಟ್ಸನ್‌ನ ಸ್ವಭಾವಕ್ಕೂ ಹೊಂದುತ್ತದೆ.

ಥಿಯರಿ ಗಟ್ಟಿಯಾದರೆ ಜೋಕ್ ತಾನಾಗಿ ಬರುತ್ತದೆ. ಪ್ರತಿ ಭಾನುವಾರ ವಾಟ್ಸನ್ 'ವಾಕಿಂಗ್' ಹೋಗಿ ಬರುತ್ತಾನೆ. ಕೋಟಿನ ಮೇಲೆ ನಾಯಿಕೂದಲು, ಮೊಣಕಾಲಿನ ಹತ್ತಿರ ಎರಡು ಪುಟ್ಟ ಕೆಸರು ಹೆಜ್ಜೆ. ಒಂದು ಚಿಟಿಕೆ ಬೂದಿ ನೋಡಿ ಸಿಗಾರು ಯಾವುದೆಂದು ಹೇಳುವ ಹೋಮ್ಸ್ ಅವತ್ತು ಮಾತ್ರ ಪೇಪರ್ ಎತ್ತಿ ಮುಖ ಮುಚ್ಚಿಕೊಳ್ಳುತ್ತಾನೆ. ಇದನ್ನು ಹೇಳಿದಾಗ ನನ್ನ ತಂಗಿ ನಕ್ಕಳು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದಳು. ಕಾಲೆಳೆಯುವುದಾದರೆ ಹೀಗೆ ಎಳೆಯಬೇಕು. ಪಾತ್ರ ಏನು ಮಾಡುತ್ತದೋ ಅದರಿಂದಲೇ ನಗು ಹುಟ್ಟಬೇಕು. ಹೋಮ್ಸ್‌ನನ್ನು ಪೆದ್ದನಾಗಿಸಿ ನಗಿಸುವುದು ಸುಲಭ, ಆದರೆ ಅಲ್ಲಿ ನಗುತ್ತಿರುವುದು ಬೇರೆ ಯಾರನ್ನೋ ನೋಡಿ.

ಹೇಳುವಾಗ ಮುಖದಲ್ಲಿ ಗಾಂಭೀರ್ಯ ಇರಲಿ. ಸೇಯರ್ಸ್ ಇದಕ್ಕೂ ನಿಯಮ ಹಾಕಿದ್ದಾರೆ: ಈ ಆಟವನ್ನು ಲಾರ್ಡ್ಸ್ ಮೈದಾನದ ಕ್ರಿಕೆಟ್ ಪಂದ್ಯದಷ್ಟೇ ಗಂಭೀರವಾಗಿ ಆಡಬೇಕು, ಸ್ವಲ್ಪ ಅತಿಯಾದರೂ ಕೆಡುತ್ತದೆ. ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ 1911ರಲ್ಲೇ ಈ ಕತೆಗಳ ಮೇಲೆ ದೊಡ್ಡ ವಿದ್ವಾಂಸರ ಧಾಟಿಯಲ್ಲಿ ಪ್ರಬಂಧ ಓದಿದ್ದರು. ನಗು ಇರುವುದು ಆ ಧಾಟಿಯಲ್ಲೇ.

ಬೇರೆಯವರ ಹೆಡ್‌ಕ್ಯಾನನ್ ನಿಮಗೆ ಹಿಡಿಸದಿದ್ದರೆ ಅವರನ್ನು ಟ್ರೋಲ್ ಮಾಡಬೇಡಿ, ಯಾವ ಸಾಲಿನಿಂದ ಬಂತು ಎಂದು ಕೇಳಿ. ಸಾಲು ತೋರಿಸಿದರೆ ಮಾತು ಮುಂದುವರಿಯುತ್ತದೆ. ತೋರಿಸದಿದ್ದರೂ ಅದು ಅವರ ಇಷ್ಟ, ಬಿಟ್ಟುಬಿಡಿ.

ಕಳೆದ ವಾರ ತಂಗಿ ಮತ್ತೆ ಫೋನ್ ಮಾಡಿದ್ದಳು. ಆ ಟೆರಿಯರ್ ಅದೇ ಕಾದಂಬರಿಯಲ್ಲಿ ಸಾಯುತ್ತದಲ್ಲ, ಆಮೇಲಾದರೂ ವಾಟ್ಸನ್ ಮರಿಯನ್ನು ಮನೆಗೆ ಏಕೆ ತರಲಿಲ್ಲ ಎಂಬುದು ಅವಳ ಪ್ರಶ್ನೆ. ಪುಸ್ತಕ ಮತ್ತೆ ಮೇಜಿನ ಮೇಲೆ ಬಂದಿದೆ. ಐದನೇ ಅಧ್ಯಾಯದಲ್ಲಿದ್ದೇನೆ.