ಡೈಕಾಸ್ಟ್ ಫೈರ್ ಇಂಜಿನ್: ನಾನು ಮೊದಲು ನೋಡುವುದು ಏಣಿ

ಡೈಕಾಸ್ಟ್ ಫೈರ್ ಇಂಜಿನ್, ಅಂದರೆ ಕರಗಿದ ಲೋಹವನ್ನು ಅಚ್ಚಿಗೆ ತುಂಬಿ ಮಾಡಿದ ಪುಟ್ಟ ಮಾಡೆಲ್, ಕೈಗೆ ಬಂದ ತಕ್ಷಣ ತುಂಬಾ ಜನ ತೂಕ ನೋಡುತ್ತಾರೆ. ಭಾರ ಇದ್ದರೆ ಒಳ್ಳೆ ಮಾಲು ಅನ್ನುತ್ತಾರೆ. ನಾನು ತೂಕವನ್ನು ಅಷ್ಟು ನಂಬುವುದಿಲ್ಲ. ಸತುವಿನ ಮಿಶ್ರಲೋಹವನ್ನು ದಪ್ಪಗೆ ಸುರಿದರೆ ಯಾವ ಮಾಡೆಲ್ ಆದರೂ ಭಾರ ಆಗುತ್ತದೆ, ಅಲ್ವಾ? ಕಷ್ಟ ಇರುವುದು ಸಣ್ಣ ಭಾಗಗಳನ್ನು ತೆಳ್ಳಗೆ, ನೇರವಾಗಿ ತೆಗೆಯುವುದರಲ್ಲಿ. ಅದಕ್ಕೇ ನಾನು ಏಣಿಯಿಂದ ಶುರು ಮಾಡುತ್ತೇನೆ.

ನಿಜವಾದ ಏಣಿಯಲ್ಲಿ ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಸುಮಾರು 30 ಸೆಂ.ಮೀ. ಅಂತರ. 1:50 ಮಾಡೆಲ್‌ನಲ್ಲಿ, ಅಂದರೆ ನಿಜವಾದ ಗಾಡಿಯ ಐವತ್ತನೇ ಒಂದು ಅಳತೆಯದರಲ್ಲಿ, ಅದು 6 ಮಿ.ಮೀ. ಆಗಬೇಕು. ಮೆಟ್ಟಿಲಿನ ಸರಳು 3 ಸೆಂ.ಮೀ. ದಪ್ಪ ಅಂತಿಟ್ಟುಕೊಂಡರೂ ಇಲ್ಲಿ 0.6 ಮಿ.ಮೀ. ಅಷ್ಟೇ. ಸ್ಕೇಲ್ ಇಟ್ಟು ನೋಡುತ್ತೇನೆ. ಸರಳು ಅದರ ಎರಡರಷ್ಟು ದಪ್ಪ ಇದ್ದರೆ ಉಳಿದದ್ದು ಎಷ್ಟೇ ಚೆನ್ನಾಗಿರಲಿ, ಇಡೀ ಗಾಡಿ ಆಟಿಕೆಯಂತೆ ಕಾಣುತ್ತದೆ. ಆಮೇಲೆ ಏಣಿಯನ್ನು ಪೂರ್ತಿ ಎಳೆದು, ಮೇಲಕ್ಕೆತ್ತಿ, ಕೈ ಬಿಡುತ್ತೇನೆ. ನಿಲ್ಲಿಸಿದ ಕಡೆ ನಿಲ್ಲಬೇಕು, ಮೆಲ್ಲಗೆ ಕುಸಿಯಬಾರದು. ಏಣಿಯ ಬುಡದ ತಿರುಗುವ ತಟ್ಟೆಯನ್ನು ಒಂದು ಸುತ್ತು ತಿರುಗಿಸಿದಾಗ ಎಲ್ಲೂ ಕಚ್ಚಬಾರದು, ಲೊಡಲೊಡ ಅನ್ನಲೂಬಾರದು.

ಮುಂದಿನದು ಬಣ್ಣ. ಕೆಂಪು ಬಣ್ಣ ಹೊಳೆಯುತ್ತಿದ್ದರೆ ಮೋಸ ಹೋಗುವುದು ಸುಲಭ, ಯಾಕಂದರೆ ಹೊಳಪು ಜಾಸ್ತಿ ಇದ್ದಷ್ಟೂ ಕಣ್ಣು ಕೆಳಗಿನ ವಿವರ ನೋಡುವುದನ್ನೇ ಬಿಡುತ್ತದೆ. ಬಣ್ಣದ ಪದರ 0.1 ಮಿ.ಮೀ. ಇದ್ದರೆ 1:50ರಲ್ಲಿ ಅದು 5 ಮಿ.ಮೀ. ದಪ್ಪಕ್ಕೆ ಸಮ! ನಿಜವಾದ ಗಾಡಿಗೆ ಯಾರೂ ಅಷ್ಟು ಬಣ್ಣ ಬಳಿಯುವುದಿಲ್ಲ. ಟಾರ್ಚನ್ನು ಪಕ್ಕದಿಂದ, ಗಾಡಿಯ ಮೈಗೆ ತಾಗುವಷ್ಟು ಓರೆಯಾಗಿ ಹಿಡಿದು ನೋಡಿ. ಬಾಗಿಲಿನ ಸಂದು, ಹಿಡಿಕೆ, ಸಾಮಾನು ಇಡುವ ಕಡೆಯ ಶಟರ್‌ನ ಪಟ್ಟಿಗಳು ಒಂದೊಂದೂ ಬಿಡಿಬಿಡಿಯಾಗಿ ನೆರಳು ಹಾಕಬೇಕು. ಶಟರ್ ಪಟ್ಟಿಗಳ ಮಧ್ಯೆ ಬಣ್ಣ ತುಂಬಿಕೊಂಡಿದ್ದರೆ ನಾನು ಅಲ್ಲಿಗೇ ಬಿಡುತ್ತೇನೆ. ಅಚ್ಚಿನ ಎರಡು ಭಾಗ ಕೂಡುವ ಕಡೆ ಉಳಿಯುವ ಸಣ್ಣ ಏಣು ಕೂಡ ಇದೇ ಬೆಳಕಿನಲ್ಲಿ ಸಿಕ್ಕಿಬೀಳುತ್ತದೆ, ಕ್ಯಾಬಿನ್ ಚಾವಣಿಯ ಅಂಚಿನಲ್ಲಿ ನೋಡಿ.

ಬರಹ, ಲಾಂಛನ, ಬಂಗಾರದ ಗೆರೆಗಳಿಗೆ ಭೂತಗನ್ನಡಿ ಬೇಕೇ ಬೇಕು. ಪ್ಯಾಡ್ ಪ್ರಿಂಟಿಂಗ್ (ಮೆತ್ತನೆಯ ಪ್ಯಾಡ್‌ನಿಂದ ಶಾಯಿ ಒತ್ತಿ ಮೂಡಿಸುವ ಮುದ್ರಣ) ಚೆನ್ನಾಗಿದ್ದರೆ ಅಕ್ಷರದ ಅಂಚು ಚೂಪಾಗಿರುತ್ತದೆ, ಬಾಗಿಲಿನ ಸಂದು ದಾಟುವಾಗಲೂ ಗೆರೆ ಸೊಟ್ಟಗಾಗುವುದಿಲ್ಲ.

ಹಳೆಯ ಮಾಡೆಲ್‌ಗಳ ವಿಷಯವೇ ಬೇರೆ. 1930ರ ದಶಕದ ಡಿಂಕಿ (ಬ್ರಿಟನ್ನಿನ ಹಳೇ ಮಾಡೆಲ್ ಗಾಡಿಗಳ ಬ್ರ್ಯಾಂಡ್) ಥರದವು ಸಿಕ್ಕರೆ ಬಣ್ಣಕ್ಕಿಂತ ಮೊದಲು ಲೋಹ ನೋಡುತ್ತೇನೆ. ಸತುವಿನಲ್ಲಿ ಸೀಸದ ಕಲ್ಮಶ ಸೇರಿದ್ದರೆ ವರ್ಷಗಳು ಕಳೆದಂತೆ ಲೋಹ ಒಳಗಿಂದಲೇ ಸವೆಯುತ್ತದೆ, ತೇವ ಇದ್ದರೆ ಇನ್ನೂ ಬೇಗ. ಕೂದಲೆಳೆಯಷ್ಟು ಸಣ್ಣ ಬಿರುಕುಗಳು, ಅಲ್ಲಲ್ಲಿ ಉಬ್ಬು, ಸ್ವಲ್ಪ ಬಾಗಿದ ಚಾಸಿ. ಇದಕ್ಕೆ ಮದ್ದಿಲ್ಲ. ಪಕ್ಕದ ಮಾಡೆಲ್‌ಗೆ ಅಂಟುವುದಿಲ್ಲ, ಆದರೆ ಆ ಮಾಡೆಲ್ ಮಾತ್ರ ಪುಡಿಯಾಗುತ್ತಾ ಹೋಗುತ್ತದೆ.

ಮೂಲ ಬಣ್ಣವೋ ಆಮೇಲೆ ಬಳಿದದ್ದೋ ಅಂತ ತಿಳಿಯಲು ಗಾಡಿ ತಿರುಗಿಸಿ ತಳದ ರಿವೆಟ್ ನೋಡಿ. ರಿವೆಟ್ ಇರಬೇಕಾದ ಕಡೆ ಸ್ಕ್ರೂ ಇದ್ದರೆ, ಅಥವಾ ರಿವೆಟ್ ತಲೆ ಕೊರೆದ ಗುರುತಿದ್ದರೆ, ಯಾರೋ ಬಿಚ್ಚಿದ್ದಾರೆ. ಬಿಚ್ಚಿದ್ದು ತಪ್ಪಲ್ಲ, ಚೆನ್ನಾಗಿ ರಿಪೇರಿ ಮಾಡಿದ ಮಾಡೆಲ್‌ಗಳನ್ನು ನಾನೂ ಇಟ್ಟುಕೊಂಡಿದ್ದೇನೆ, ಆದರೆ ಅದನ್ನು ಒರಿಜಿನಲ್ ಬೆಲೆಗೆ ಕೊಳ್ಳಬೇಡಿ. ಏಣಿ, ಗಂಟೆ, ಟೈರು ಹೊಸದಾಗಿ ಮಾಡಿ ಮಾರುವವರೂ ಇದ್ದಾರೆ. ಹಳೇ ಗಾಡಿಯಲ್ಲಿ ಇವು ಮಾತ್ರ ಒಂದು ಗೀರೂ ಇಲ್ಲದೆ ಫಳಫಳ ಅಂದರೆ ಮಾರುವವರನ್ನು ನೇರವಾಗಿ ಕೇಳಿ.

ಕೊನೆಗೆ ಗಾಡಿಯನ್ನು ಗಾಜಿನ ಮೇಲಿಟ್ಟು ಮೆಲ್ಲಗೆ ತಳ್ಳುತ್ತೇನೆ. ಎಲ್ಲ ಚಕ್ರವೂ ನೆಲಕ್ಕೆ ತಾಗಿ ಉರುಳಬೇಕು. ಒಂದು ಚಕ್ರ ಗಾಳಿಯಲ್ಲಿ ನಿಂತಿದ್ದರೆ ಆಕ್ಸಲ್ ಬಾಗಿದೆಯೋ ಚಾಸಿ ತಿರುಚಿದೆಯೋ ನೋಡಿ. ಆಕ್ಸಲ್ ಆದರೆ ಸರಿಮಾಡಬಹುದು, ಚಾಸಿ ಆದರೆ ಬಿಟ್ಟುಬಿಡಿ.