ಐದು ದಿನಕ್ಕೆ 1,800 ಡಾಲರ್: ಸಿಡ್ನಿಯಲ್ಲಿ ನಾವು ಬಿಟ್ಟ ಮನೆ, ಕೊಂಡ ಮನೆ

ಶುಕ್ರವಾರ ಮಧ್ಯಾಹ್ನ 3.40ಕ್ಕೆ ನಮ್ಮ ಸಾಲಿಸಿಟರ್ (ವಕೀಲರು) ಕಡೆಯಿಂದ ಒಂದೇ ಸಾಲಿನ ಇಮೇಲ್ ಬಂತು. ಮನೆ ಬೇಡ ಅನ್ನುವ ನೋಟಿಸ್ ಕಳಿಸಿದ್ದೇವೆ, ಮಾರುವವರ ಕಡೆಗೆ ತಲುಪಿದೆ ಅಂತ. ಗಡುವು ಇದ್ದಿದ್ದು ಐದು ಗಂಟೆಗೆ. 7,20,000 ಡಾಲರಿನ ಫ್ಲಾಟ್ ನಮ್ಮ ಕೈಬಿಟ್ಟಿತು, ಜೊತೆಗೆ 1,800 ಡಾಲರ್ ಕೂಡ. ಇವರಿಗೆ ಆಫೀಸಿಗೆ ಫೋನ್ ಮಾಡಿ ಹೇಳಿದೆ. "ಸದ್ಯ!" ಅಂದರು, ಅಷ್ಟೇ.

ಇದು 2021ರ ಜೂನ್ ಮಾತು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ವಾಸದ ಮನೆ ಕೊಳ್ಳುವವರಿಗೆ ಐದು ಕೆಲಸದ ದಿನಗಳ ಕೂಲಿಂಗ್ ಆಫ್, ಅಂದರೆ ಒಪ್ಪಂದ ಆದ ಮೇಲೂ ಹಿಂದೆ ಸರಿಯಲು ಕಾಲಾವಕಾಶ, ಇರುತ್ತದೆ. ಕಾಂಟ್ರಾಕ್ಟ್ ಎಕ್ಸ್‌ಚೇಂಜ್ ಆದ ದಿನವನ್ನು, ಅಂದರೆ ಎರಡೂ ಕಡೆಯವರು ಸಹಿ ಮಾಡಿದ ಪ್ರತಿಗಳನ್ನು ಬದಲಾಯಿಸಿಕೊಂಡ ದಿನವನ್ನು, ಬಿಟ್ಟು ಎಣಿಸಬೇಕು. ಐದನೇ ಕೆಲಸದ ದಿನ ಸಂಜೆ ಐದಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಬೇಡ ಅನ್ನಿಸಿದರೆ ಬರವಣಿಗೆಯಲ್ಲಿ ತಿಳಿಸಬೇಕು, ಕಾರಣ ಹೇಳಬೇಕಿಲ್ಲ. ದಂಡ ಬೆಲೆಯ ಶೇ. 0.25. ನಮಗೆ ಅದು 1,800 ಆಯಿತು. ಬಿಲ್ಡರ್ ಇನ್ನೂ ಕಟ್ಟದ ಮನೆಯನ್ನು ನಕ್ಷೆ ನೋಡಿ ಕೊಳ್ಳುವುದಾದರೆ ಹತ್ತು ಕೆಲಸದ ದಿನ ಸಿಗುತ್ತದೆ. ಹರಾಜಿನಲ್ಲಿ ಕೊಂಡರೆ ಒಂದು ಗಂಟೆಯೂ ಇಲ್ಲ. ಸುತ್ತಿಗೆ ಬಿತ್ತು ಅಂದರೆ ಮುಗಿಯಿತು.

ಈ ಐದು ದಿನ ಯೋಚನೆ ಮಾಡೋಕೆ ಇರೋದು ಅಂತ ನಾನು ಅಂದುಕೊಂಡಿದ್ದೆ. ಹೆಸರೇ ಹಾಗಿದೆ ಅಲ್ವಾ, ತಲೆ ತಣ್ಣಗಾಗೋಕೆ ಅನ್ನೋ ಹಾಗೆ. ಆದರೆ ಆ ವಾರ ಕೂತು ಯೋಚಿಸೋಕೆ ಹತ್ತು ನಿಮಿಷವೂ ಸಿಗಲಿಲ್ಲ. ಪೂರ್ತಿ ಓಡಾಟ, ಫೋನು, ಇಮೇಲು.

ಫ್ಲಾಟ್ ಇದ್ದಿದ್ದು ವೆಂಟ್‌ವರ್ಥ್‌ವಿಲ್ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ. ಮೂರು ಬೆಡ್‌ರೂಮು, ಪೂರ್ವಕ್ಕೆ ಬಾಲ್ಕನಿ. ದೊಡ್ಡ ಬೆಡ್‌ರೂಮಿನ ಸೀಲಿಂಗಿಗೆ ಹೊಸ ಬಣ್ಣ ಹೊಡೆದಿದ್ದರು. ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ನೋಡಿ ಅಂತ ನಾನೇ ಹೊಗಳಿದ್ದೆ! ಆ ವರ್ಷ ಸಿಡ್ನಿಯಲ್ಲಿ ಬೆಲೆ ವಾರ ವಾರಕ್ಕೆ ಏರುತ್ತಿತ್ತು. ನಮ್ಮ ಆಫರ್ ಒಪ್ಪಿದ್ದಾರೆ ಅಂತ ಏಜೆಂಟ್ ಹೇಳಿದರೂ ಎಕ್ಸ್‌ಚೇಂಜ್ ಆಗುವವರೆಗೆ ಆ ಮಾತಿಗೆ ಬೆಲೆಯಿಲ್ಲ. ಇನ್ನೊಬ್ಬರು ಜಾಸ್ತಿ ಕೊಟ್ಟರೆ ಅವರಿಗೆ ಹೋಗುತ್ತದೆ. ಅದಕ್ಕೇ ಗುರುವಾರವೇ ಸಹಿ ಮಾಡಿ, 0.25ರ ಮೊತ್ತವನ್ನು ಏಜೆಂಟ್‌ನ ಟ್ರಸ್ಟ್ ಅಕೌಂಟಿಗೆ ಕಟ್ಟಿಬಿಟ್ಟೆವು. ಶೇ. 10 ಡೆಪಾಸಿಟ್ಟಿನ ಉಳಿದ ಭಾಗ ಕೂಲಿಂಗ್ ಆಫ್ ಮುಗಿದ ಮೇಲೆ.

ಸಹಿಗೆ ಮುಂಚೆ ಏಜೆಂಟ್ ಇನ್ನೊಂದು ಮಾತು ಹೇಳಿದ್ದ. 66ಡಬ್ಲ್ಯೂ ಕೊಟ್ಟರೆ ಮನೆ ಖಂಡಿತ ನಿಮ್ಮದೇ ಅಂತ. ಅದು ಕೊಳ್ಳುವವರ ಸಾಲಿಸಿಟರ್ ಅಥವಾ ಕನ್ವೇಯನ್ಸರ್ (ಆಸ್ತಿ ವರ್ಗಾವಣೆಯ ಕಾಗದಪತ್ರ ನೋಡುವವರು) ಸಹಿ ಮಾಡುವ ಸರ್ಟಿಫಿಕೇಟ್. ಕೊಟ್ಟರೆ ಕೂಲಿಂಗ್ ಆಫ್ ಇಲ್ಲವೇ ಇಲ್ಲ. ಏಜೆಂಟ್ ಅದನ್ನು ಏನೋ ಒಂದು ಫಾರ್ಮ್ ಅನ್ನೋ ಥರ ಹೇಳಿದ. ನಮ್ಮ ಸಾಲಿಸಿಟರ್ ಮಾತ್ರ ಫೋನಿನಲ್ಲೇ ತಡೆದರು. "ನೀವು ಸ್ಟ್ರಾಟಾ ರಿಪೋರ್ಟ್ ನೋಡಿಲ್ಲ, ಬ್ಯಾಂಕಿನ ಕೊನೆ ಒಪ್ಪಿಗೆ ಬಂದಿಲ್ಲ, ಹೇಗೆ ಕೊಡಲಿ?" ಅಂದರು. ಸ್ಟ್ರಾಟಾ ಅಂದರೆ ಫ್ಲಾಟ್ ಕಟ್ಟಡದ ಮಾಲೀಕರೆಲ್ಲರ ಸಂಘ, ಅದರ ದಾಖಲೆಗಳ ತಪಾಸಣೆಯೇ ಆ ರಿಪೋರ್ಟ್. ಅವರಿಗೆ ಕೊಟ್ಟ ಫೀಸಿನಲ್ಲಿ ಅರ್ಧ ಆ ಒಂದು ಪ್ರಶ್ನೆಗೇ ಸಲ್ಲಬೇಕು.

ನಮ್ಮ ಐದು ದಿನದ ಮಧ್ಯೆ ಜೂನ್‌ನ ಲಾಂಗ್ ವೀಕೆಂಡ್ ಬಂತು. ಶನಿವಾರ, ಭಾನುವಾರ, ರಜೆಯ ಸೋಮವಾರ ಲೆಕ್ಕಕ್ಕಿಲ್ಲ. ಹಾಗಾಗಿ ಗಡುವು ಮುಂದಿನ ಶುಕ್ರವಾರಕ್ಕೆ ಹೋಯಿತು. ಪುಕ್ಕಟೆ ಒಂದು ದಿನ ಸಿಕ್ಕಿತು ಅಂತ ಖುಷಿಪಟ್ಟೆ. ಆಮೇಲೆ ಗೊತ್ತಾಯಿತು, ರಜೆ ಎಲ್ಲರಿಗೂ ರಜೆಯೇ. ಸ್ಟ್ರಾಟಾ ಮ್ಯಾನೇಜರ್ ಆಫೀಸಿನಲ್ಲಿ ದಾಖಲೆ ನೋಡೋಕೆ ಮೊದಲೇ ಸಮಯ ಕೇಳಬೇಕು. ಸಿಕ್ಕಿದ್ದು ಮಂಗಳವಾರ. ನಾವು ಗೊತ್ತು ಮಾಡಿದವರು ಹೋಗಿ ನೋಡಿ, ರಿಪೋರ್ಟ್ ಕಳಿಸಿದಾಗ ಬುಧವಾರ ರಾತ್ರಿ. ಮನೆಗೆ ಬೆಲೆ ಕಟ್ಟುವ ಬ್ಯಾಂಕಿನ ವ್ಯಾಲ್ಯುಯರ್ ಹೋಗಿದ್ದೂ ಬುಧವಾರವೇ.

ಮಕ್ಕಳು ಮಲಗಿದ ಮೇಲೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಎಂಬತ್ತು ಪುಟ ಇತ್ತು. ಮೊದಲ ಮೂವತ್ತು ಪುಟ ವಿಮೆ, ಬೈಲಾ, ನಾಯಿ ಸಾಕುವ ಜಗಳ. ಇವರು ಆಗಲೇ ಆಕಳಿಸುತ್ತಿದ್ದರು. ನಾನು ಸಭೆಗಳ ಮಿನಿಟ್ಸ್‌ಗೆ ಹೋದೆ. 2018ರಲ್ಲಿ ಒಂದು ಸಾಲು: ಮೇಲಿನ ಬಾಲ್ಕನಿಗಳಿಂದ ಕೆಳಗಿನ ಮನೆಗಳಿಗೆ ನೀರು ಇಳಿಯುತ್ತಿದೆ. 2019ರಲ್ಲಿ: ಎಂಜಿನಿಯರ್ ವರದಿ ತರಿಸುವುದು. 2020ರಲ್ಲಿ: ಮುಂದೂಡಲಾಗಿದೆ. ತೊಂದರೆ ಇದ್ದ ಮನೆಗಳ ನಂಬರ್ ಪಟ್ಟಿಯಲ್ಲಿ ಮೂರನೆಯದು ನಾವು ಸಹಿ ಮಾಡಿದ್ದ ಮನೆ. ಸೀಲಿಂಗಿಗೆ ಹೊಸ ಬಣ್ಣ ಯಾಕೆ ಅಂತ ಆಗ ಹೊಳೆಯಿತು.

ಕೊನೆಯಲ್ಲಿ ರಿಪೇರಿಯ ಕೊಟೇಶನ್ ಇತ್ತು, 4,10,000 ಡಾಲರ್. ದೊಡ್ಡ ರಿಪೇರಿಗೆಂದು ಕೂಡಿಡುವ ಕ್ಯಾಪಿಟಲ್ ವರ್ಕ್ಸ್ ಫಂಡ್‌ನಲ್ಲಿ ಇದ್ದಿದ್ದು 23,000. ಒಟ್ಟು ಹದಿನೆಂಟು ಮನೆ. ಇವರ ಆಕಳಿಕೆ ನಿಂತಿತ್ತು. ಮಗಳ ಶಾಲೆಯ ಚೀಟಿಯ ಹಿಂದೆ ಭಾಗಾಕಾರ ಮಾಡಿದರು. ಸರಿಸುಮಾರು 21,500 ಒಂದೊಂದು ಮನೆಗೆ. ಸ್ಪೆಷಲ್ ಲೆವಿ ಅಂತ ವಸೂಲಿ ಶುರುವಾಗುವಾಗ ಮಾಲೀಕರು ಯಾರಿರುತ್ತಾರೋ ಅವರ ತಲೆಗೆ. ಅಂದರೆ ನಮಗೆ.

ಗುರುವಾರ ಸಾಲಿಸಿಟರ್ ನೀರಿಳಿಯುವ ವಿಷಯವನ್ನು ಮಾರುವವರ ಕಡೆಗೆ ಬರೆದು ಕೇಳಿದರು. ನೀವೇ ವಿಚಾರಿಸಿಕೊಳ್ಳಿ ಅಂತ ಉತ್ತರ. ಬೆಲೆ ಇಳಿಸುತ್ತೀರಾ ಅಂತ ಕೇಳಿದೆವು, ಇಲ್ಲ. ಇನ್ನೊಂದು ವಾರ ಗಡುವು ಮುಂದಕ್ಕೆ ಹಾಕಿ ಅಂದೆವು. ಮಾರುವವರು ಒಪ್ಪಿದರೆ ಅದಕ್ಕೆ ಅವಕಾಶವಿದೆ. ಅವರು ಒಪ್ಪಲಿಲ್ಲ. ಶುಕ್ರವಾರ ಬೆಳಗ್ಗೆ ಬಿಡುವುದು ಅಂತ ತೀರ್ಮಾನಿಸಿದೆವು. ಮುಂದಿನ ವಾರ ಅದೇ ಫೋಟೋಗಳೊಂದಿಗೆ ಮನೆ ಮತ್ತೆ ಜಾಹೀರಾತಿನಲ್ಲಿ ಕಂಡಿತು.

ಮೆಲ್ಬರ್ನ್‌ನಲ್ಲಿರುವ ನನ್ನ ತಮ್ಮ ಈ ಕಥೆ ಕೇಳಿ ನಕ್ಕ. ವಿಕ್ಟೋರಿಯಾದಲ್ಲಿ ಇರೋದು ಮೂರೇ ಕೆಲಸದ ದಿನ, ದಂಡ ಶೇ. 0.2 ಅಥವಾ 100 ಡಾಲರ್, ಯಾವುದು ಜಾಸ್ತಿಯೋ ಅದು. ಹರಾಜಿನ ಹಿಂದೆ ಮುಂದೆ ಮೂರು ಕೆಲಸದ ದಿನಗಳೊಳಗೆ ಕೊಂಡರೆ ಅದೂ ಇಲ್ಲ. ಪರ್ತ್‌ನಲ್ಲಂತೂ ಕಾಂಟ್ರಾಕ್ಟಿನಲ್ಲಿ ನೀವೇ ಬರೆಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಬೇರೆ ರಾಜ್ಯದ ಸ್ನೇಹಿತರ ಮಾತು ಕೇಳಿ ದಿನ ಎಣಿಸಬೇಡಿ.

ನವೆಂಬರ್‌ನಲ್ಲಿ ಟೂಂಗಾಬಿಯಲ್ಲಿ ಟೌನ್‌ಹೌಸ್ ಕೊಂಡೆವು. ಅದಕ್ಕೆ ನಾವೇ 66ಡಬ್ಲ್ಯೂ ಕೊಟ್ಟೆವು! ಇಷ್ಟೆಲ್ಲ ಅನುಭವಿಸಿದ ಮೇಲೂ ಯಾಕೆ ಅಂತ ಕೇಳಿದವರಿದ್ದಾರೆ. ಈ ಸಲ ಐದು ದಿನದ ಕೆಲಸವನ್ನು ಎಕ್ಸ್‌ಚೇಂಜ್‌ಗೆ ಮುಂಚೆಯೇ ಮುಗಿಸಿದ್ದೆವು. ಇಲ್ಲಿ ಮನೆಯನ್ನು ಮಾರಾಟಕ್ಕೆ ಇಡುವಾಗಲೇ ಕಾಂಟ್ರಾಕ್ಟ್ ತಯಾರಿರಬೇಕು ಅಂತ ಕಾನೂನಿದೆ. ಕೇಳಿದರೆ ಅದೇ ದಿನ ಕಳಿಸುತ್ತಾರೆ. ಸಾಲಿಸಿಟರ್ ಅದನ್ನು ಓದಿದ್ದರು, ಸ್ಟ್ರಾಟಾ ರಿಪೋರ್ಟ್ ಬಂದಿತ್ತು, ಬಿಲ್ಡಿಂಗ್ ಮತ್ತು ಗೆದ್ದಲು ತಪಾಸಣೆ ಆಗಿತ್ತು, ಬ್ಯಾಂಕಿನಿಂದ ಕೊನೆಯ ಒಪ್ಪಿಗೆ ಕೈಯಲ್ಲಿತ್ತು. ಮನೆ ಹುಡುಕುವ ಮುಂಚೆ ಸಿಗುವ ಪ್ರೀ ಅಪ್ರೂವಲ್ ಅಲ್ಲ, ಕೊನೆಯ ಒಪ್ಪಿಗೆ. ಪ್ರೀ ಅಪ್ರೂವಲ್ ಇದ್ದೂ ಆ ಮನೆಗೆ ಸಾಲ ಇಲ್ಲ ಅನ್ನೋ ಅಧಿಕಾರ ಬ್ಯಾಂಕಿಗೆ ಇದ್ದೇ ಇರುತ್ತದೆ. ಈ ರೀತಿ ಮುಂಚೆಯೇ ತಪಾಸಣೆ ಮಾಡಿಸಿ, ಬೇರೆಯವರ ಪಾಲಾದ ಎರಡು ಮನೆಗಳಿಗೆ ನಾವು 1,100 ಡಾಲರ್ ಸುಮ್ನೆ ಕಳೆದೆವು. ಇವರು ಇವತ್ತಿಗೂ ಅದನ್ನೇ ಹೇಳುತ್ತಾರೆ. ನನಗೆ ಮಾತ್ರ ಅದು ನಷ್ಟ ಅನ್ನಿಸಿಲ್ಲ.

2024ರಲ್ಲಿ ಇವರ ಕೆಲಸ ಬದಲಾಗಿ ಆ ಮನೆ ಮಾರಬೇಕಾಯಿತು. ಆಗ ನೋಡಿ, ಬಿಸಿ ತುಪ್ಪ ಅಂದರೆ ಏನು ಅಂತ ತಿಳಿದಿದ್ದು. ಮಂಗಳವಾರ 10,60,000ಕ್ಕೆ ಎಕ್ಸ್‌ಚೇಂಜ್ ಆಯಿತು. ಬುಧವಾರ ಇನ್ನೊಬ್ಬರು ಇಪ್ಪತ್ತು ಸಾವಿರ ಜಾಸ್ತಿ ಕೊಡುತ್ತೇವೆ ಅಂದರು. ಮಾರುವವರಿಗೆ ಕೂಲಿಂಗ್ ಆಫ್ ಇಲ್ಲ. ನಾವು ಎಕ್ಸ್‌ಚೇಂಜ್ ಆದ ಕ್ಷಣದಿಂದ ಕಟ್ಟುಬಿದ್ದವರು, ಕೊಂಡವರು ಮಾತ್ರ ಇನ್ನೂ ಹೊಸ್ತಿಲ ಮೇಲೆ. ಗುರುವಾರ, ಶುಕ್ರವಾರ ಏನೂ ಸುದ್ದಿಯಿಲ್ಲ. ಸೋಮವಾರ, ನಾಲ್ಕನೇ ದಿನ, ಬಿಡುತ್ತೇವೆ ಅಂತ ನೋಟಿಸ್ ಬಂತು. ಶೇ. 0.25ರ ಲೆಕ್ಕದಲ್ಲಿ 2,650 ಡಾಲರ್ ನಮಗೆ ಬಂತು. "ವೆಂಟ್‌ವರ್ಥ್‌ವಿಲ್‌ನಲ್ಲಿ ಹೋಗಿದ್ದು ಬಡ್ಡಿ ಸಮೇತ ವಾಪಸ್" ಅಂತ ಇವರು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ಇಪ್ಪತ್ತು ಸಾವಿರ ಜಾಸ್ತಿ ಹೇಳಿದ್ದವರಿಗೆ ಏಜೆಂಟ್ ಫೋನ್ ಮಾಡಿದಳು. ಅವರು ಬೆಲೆಯ ಮಾತೇ ಎತ್ತಲಿಲ್ಲವಂತೆ. ಮೊದಲಿನವರು ಯಾಕೆ ಬಿಟ್ಟರು ಅಂತ ಕೇಳಿದರಂತೆ. ಏನು ಹೇಳಲಿ ಅಂತ ಏಜೆಂಟ್ ನನ್ನನ್ನು ಕೇಳಿದಳು. ನೋಟಿಸ್ ಮತ್ತೆ ತೆಗೆದು ನೋಡಿದೆ. ನಾವು ಕಳಿಸಿದ್ದರಲ್ಲಿ ಇದ್ದ ಹಾಗೆ ಇದರಲ್ಲೂ ಒಂದೇ ಸಾಲು, ಕಾರಣ ಇರಲಿಲ್ಲ. ಗೊತ್ತಿಲ್ಲ ಅಂತ ಹೇಳು ಅಂದೆ.